ಒಂದು ಗೇಣು ಮೇಲೆ

ನಮ್ಮ ಮನೆತನದಲ್ಲಿ ಸಾರು ಬಡಿಸುವಾಗ ಬಾಳೆಲೆಯ ಹೊರಗೆ ಬಿದ್ದರೆ ‘ಅಣ್ಣನ ಗುರಿ!’ ಎಂದು ಕೂಗುವ ರೂಢಿಯಿದೆ. ಅದನ್ನು ಹುಟ್ಟುಹಾಕಿದವರು ಚಾಮರಾಜಪೇಟೆಯ ನನ್ನ ಚಿಕ್ಕಪ್ಪ. ಅವರ ಅಣ್ಣ, ಅಂದರೆ ನನ್ನ ಅಪ್ಪ, ಹರೆಯದಲ್ಲಿ ಒಮ್ಮೆ ನೆಂಟರಿಷ್ಟರೆಲ್ಲರ ಎದುರು ತಾತನ ರೈಫಲ್ಲಿನಿಂದ ಗುರಿ ಹೊಡೆಯಲು ಹೋಗಿ, ಒಂದು ಗುಂಡೂ ಗುರಿಯ ಕಾಗದಕ್ಕೆ ತಗುಲದೆ ವಾಪಸು ಬಂದಿದ್ದರು. ಅಂದಿನಿಂದ ಮದುವೆ, ಮುಂಜಿ, ಕಡೆಗೆ ವೈಕುಂಠ ಸಮಾರಾಧನೆಯ ಊಟವೂ ಆ ಕತೆಯಿಲ್ಲದೆ ಮುಗಿದದ್ದಿಲ್ಲ. ಅಪ್ಪ ನಕ್ಕುಬಿಡುತ್ತಿದ್ದರು. ನನಗೆ ಮಾತ್ರ ಮೈ ಉರಿಯುತ್ತಿತ್ತು.

ಆ ರೈಫಲ್ ಮೊದಲ ಮಹಾಯುದ್ಧದ ಕಾಲದ್ದು, ಆಸ್ಟ್ರಿಯಾದ ಸೈನ್ಯದ್ದು. ತಾತನಿಗೆ ಹೇಗೆ ಸಿಕ್ಕಿತೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಗುಂಡು ತುಂಬುವ ಬೋಲ್ಟು, ಎತ್ತಿದರೆ ರುಬ್ಬುಗುಂಡಿನ ಭಾರ. ಪ್ರತಿ ಚುನಾವಣೆಗೂ ಅದನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ಠಾಣೆಗೆ ಒಯ್ದು ಕೊಟ್ಟು, ಫಲಿತಾಂಶ ಬಂದ ಮೇಲೆ ಮನೆಗೆ ಕರೆತರುವುದು ಅಪ್ಪನ ಕೆಲಸ. ಈಗ ಎಂಬತ್ತು ದಾಟಿತು, ಇನ್ನು ಲೈಸೆನ್ಸ್ ನವೀಕರಿಸುವುದಿಲ್ಲ, ಸರ್ಕಾರಕ್ಕೆ ಒಪ್ಪಿಸಿಬಿಡುತ್ತೇನೆ ಎಂದರು. ಆಮೇಲೆ ಕಾಫಿ ಲೋಟದೊಳಗೆ ನೋಡುತ್ತಾ, “ಅದಕ್ಮುಂಚೆ ಒಂದಾದ್ರೂ ಕಾಗದಕ್ಕೆ ಬೀಳ್ಬೇಕು ಕಣೇ” ಎಂದರು.

ಅನುಮತಿ ಪಡೆದು ಊರಾಚೆಯ ಶೂಟಿಂಗ್ ರೇಂಜಿಗೆ ಹೊರಟೆವು. ಚಿಕ್ಕಪ್ಪ ಕರೆಯದೆಯೇ ಬಂದರು, ಕೋಡುಬಳೆ ಡಬ್ಬಿ ಸಮೇತ. “ಇಂಥ ಕಾಮಿಡಿ ಮಿಸ್ ಮಾಡ್ಕೊಳ್ಳೋಕಾಗತ್ತಾ?”

ಅಪ್ಪನ ಭುಜ ತಡೆದೀತೇ ಎಂದು ನೋಡಲು ಮೊದಲು ನಾನೇ ಹೊಡೆದೆ. ಅದರ ಒದೆತವೇ! ಹಾಲು ಕರೆಯಲು ಬಿಡದ ಎಮ್ಮೆ ಭುಜಕ್ಕೇ ಝಾಡಿಸಿದ ಹಾಗೆ. ಕನ್ನಡಕ ಹಣೆಗೇರಿತು. ಮೂರು ಗುಂಡು ಮುಗಿದರೂ ಆ ಪುಟ್ಟ ಕಾಗದದಲ್ಲಿ ಒಂದು ತೂತಿಲ್ಲ. ಚಿಕ್ಕಪ್ಪ ಕೋಡುಬಳೆ ಕಡಿಯುತ್ತಾ, “ರಕ್ತ ಎಲ್ಲಿ ಹೋಗತ್ತೆ? ಅಣ್ಣನ ಮಗಳಲ್ವಾ!” ಎಂದರು.

ರೇಂಜಿನ ತರಬೇತುದಾರರು ಮಾತ್ರ ನಗಲಿಲ್ಲ. ಕಾಗದದ ಹಿಂದೆ ಬಾಗಿಲಿನಷ್ಟು ದೊಡ್ಡ ರಟ್ಟು ನಿಲ್ಲಿಸಿ, “ಅದೇ ಜಾಗಕ್ಕೆ ಗುರಿ ಇಟ್ಟು ಇನ್ನೊಂದು ಮೂರು ಹೊಡೀರಿ ಮೇಡಂ” ಎಂದರು. ಹಲ್ಲು ಕಚ್ಚಿ ಹೊಡೆದೆ. ಹೋಗಿ ನೋಡಿದರೆ ಕಾಗದದ ನಡುವಿನ ಕಪ್ಪು ಚುಕ್ಕೆಯಿಂದ ನೇರ ಒಂದು ಗೇಣು ಮೇಲೆ, ರಟ್ಟಿನಲ್ಲಿ ಮೂರೂ ತೂತು. ಒಂದು ತಟ್ಟೆ ಇಡ್ಲಿ ಇಟ್ಟರೆ ಮುಚ್ಚಿಹೋಗುವಷ್ಟು ಹತ್ತಿರ ಹತ್ತಿರ.

“ರೈಫಲ್ ಚೊಕ್ಕವಾಗಿದೆ” ಎಂದರು ಅವರು. “ಯುದ್ಧಕ್ಕೆ ಮಾಡಿದ್ದು ನೋಡಿ, ನಳಿಕೆ ಮೇಲಿನ ಈ ಗುರಿಪಟ್ಟಿ ಎಷ್ಟು ತಗ್ಗಿಸಿದ್ರೂ ಮುನ್ನೂರು ಮೀಟರಿಗೇ ನಿಲ್ಲತ್ತೆ. ಹತ್ತಿರದ್ದಕ್ಕೆ ಹೊಡೆದ್ರೆ ಗುಂಡು ಮೇಲೆ ಹೋಗತ್ತೆ. ಒಂದು ಗೇಣು ಕೆಳಗೆ ಗುರಿ ಇಡ್ಬೇಕು.”

ಅಪ್ಪ ಆ ತೂತುಗಳ ಮೇಲೆ ಬೆರಳಾಡಿಸುತ್ತಾ ನಿಂತರು. “ನಾನು ಮಧ್ಯಕ್ಕೇ ಇಟ್ಟಿದ್ದೆ ಅವತ್ತು” ಎಂದರು. ನನಗೆ ಕಣ್ಣು ತುಂಬಿ ಬಂತು.

ಭುಜಕ್ಕೆ ಟವೆಲ್ ಮಡಿಸಿಟ್ಟು ಅವರನ್ನು ಕುರ್ಚಿಯಲ್ಲಿ ಕೂರಿಸಿದೆವು. ಮರಳುಚೀಲದ ಮೇಲೆ ನಳಿಕೆ ಒರಗಿಸಿ, ಚುಕ್ಕೆಯನ್ನು ಬಿಟ್ಟು ಅದರ ಕೆಳಗಿನ ಬರಿಯ ರಟ್ಟಿಗೆ ಗುರಿಯಿಟ್ಟು, ಒಂದೇ ಒಂದು ಗುಂಡು ಹೊಡೆದರು. ಕುರ್ಚಿ ಸಮೇತ ಹಿಂದೆ ಸರಿದರು. ಕಪ್ಪು ಚುಕ್ಕೆಯ ಅಂಚು ಹರಿದಿತ್ತು! ನಾನು ಮಕ್ಕಳಂತೆ ಕುಣಿದೆ. ಚಿಕ್ಕಪ್ಪನ ಬಾಯಲ್ಲಿ ಕೋಡುಬಳೆ ಅರ್ಧಕ್ಕೇ ನಿಂತಿತ್ತು.

ಸಂಜೆ ಮಲ್ಲೇಶ್ವರದ ಮನೆಗೆ ಬರುವಷ್ಟರಲ್ಲಿ ಅಪ್ಪನ ಭುಜದ ಕೆಳಗೆ ನೇರಳೆಹಣ್ಣಿನ ಬಣ್ಣ. ಕ್ಷಮೆಗಿಮೆ ಕೇಳುವ ಜಾಯಮಾನ ಚಿಕ್ಕಪ್ಪನದಲ್ಲ. ಯಾರೂ ಹೇಳದೆಯೇ ಅಡುಗೆಮನೆಗೆ ಹೋಗಿ ಎಣ್ಣೆ ಬಿಸಿ ಮಾಡಿಕೊಂಡು ಬಂದರು. ಅಣ್ಣನ ಎದುರು ಕೂತು, ಮುಖ ನೋಡದೆ, ಭುಜದ ಮೇಲೆ ಮೆಲ್ಲಗೆ ಉಜ್ಜತೊಡಗಿದರು.

ಅಪ್ಪ ಕಣ್ಣುಮುಚ್ಚಿಕೊಂಡು ಒರಗಿದರು.

“ಮೇಲಾಯ್ತು ಕಣೋ” ಎಂದರು ಕೊನೆಗೆ. “ಸ್ವಲ್ಪ ಕೆಳಗೆ ಗುರಿ ಇಡು.”