ಆರ್ಗನ್‌ಗೆ ವಯಸ್ಸಾಯಿತು ಎಂದವರು

2023ರಲ್ಲಿ ನಾನು ಹ್ಯೂಸ್ಟನ್ ಬಿಟ್ಟು ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ಗೆ ಬಂದಿದ್ದೆ. ದೊಡ್ಡ ಕಟ್ಟಡಗಳ ಏರ್ ಕಂಡೀಷನಿಂಗ್ ವಿನ್ಯಾಸ ಮಾಡಿ ನಿವೃತ್ತನಾದವನು. ಬಿಡಿ ಕೆಲಸ ಬಂದರೆ ಬೇಡವೆನ್ನುತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಆಸ್ಟಿನ್‌ನ ಹಳೆಯ ಚರ್ಚೊಂದರಿಂದ ಕರೆ ಬಂತು. ನೂರು ವರ್ಷ ದಾಟಿದ, ನೂರಾರು ಕೊಳವೆಗಳಿಗೆ ಗಾಳಿ ಊದಿ ನುಡಿಸುವ ಅವರ ಪೈಪ್ ಆರ್ಗನ್‌ನ ಶ್ರುತಿ ನಿಲ್ಲುತ್ತಿಲ್ಲವಂತೆ. ಅದನ್ನು ಕಿತ್ತು ಡಿಜಿಟಲ್ ಆರ್ಗನ್ ಕೂರಿಸುತ್ತೇವೆ, ಆ ಜಾಗಕ್ಕೆ ಎಸಿ ಯೋಜನೆ ಮಾಡಿಕೊಡಿ ಎಂದರು.

ಅದನ್ನು ನುಡಿಸುತ್ತಿದ್ದವರು ಡಾ. ರೂತ್. ಎಪ್ಪತ್ತರ ಹತ್ತಿರದ ಹೆಂಗಸು. ಬರೋಕ್ ಕಾಲದ, ಅಂದರೆ ಸುಮಾರು ಮುನ್ನೂರು ವರ್ಷದ ಹಿಂದಿನ ಚರ್ಚ್ ಸಂಗೀತವೆಂದರೆ ಅವರಿಗೆ ಜೀವ. ಬರುವ ಭಾನುವಾರದ ಕಚೇರಿಯೂ ಕೆಟ್ಟರೆ ಆರ್ಗನ್ ಜೊತೆ ಅವರೂ ಮನೆಗೆ ಎಂದು ಕಟ್ಟಡ ಸಮಿತಿಯ ಅಧ್ಯಕ್ಷ ತೀರ್ಮಾನಿಸಿದ್ದ. "ವಾದ್ಯಕ್ಕೂ ವಯಸ್ಸಾಯಿತು, ಕೈಗೂ ವಯಸ್ಸಾಯಿತು" ಎಂದು ಅವರೆದುರಿಗೇ ನನಗೆ ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು.

ಗುರುವಾರ ಶ್ರುತಿ ಮಾಡುವವರು ಬಂದಾಗ ನಾನೂ ಒಳಗೆ ಹೋದೆ. ಅಬ್ಬಾ, ಏನು ಸೆಕೆ! ಥರ್ಮಾಮೀಟರ್ 88 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಅಂದರೆ 31 ಸೆಲ್ಸಿಯಸ್. ಭಾನುವಾರ ಜನ ಬರುವಾಗ ಮಾತ್ರ 70, ಅಂದರೆ 21! ಆರ್ಗನ್‌ನಲ್ಲಿ ಸೀಟಿಯಂತೆ ಊದುವ ಪೈಪುಗಳ ಶ್ರುತಿ ಗಾಳಿ ತಣ್ಣಗಾದರೆ ಇಳಿಯುತ್ತದೆ. ಲೋಹದ ನಾಲಗೆಯಿರುವ ರೀಡ್ ಪೈಪುಗಳದು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಸೆಕೆಯಲ್ಲಿ ಹೊಂದಿಸಿದ್ದು ತಂಪಿನಲ್ಲಿ ಅಪಸ್ವರವಾಗದೆ ಇನ್ನೇನಾದೀತು?

ಆ ಎಸಿಯನ್ನು ಡಾಲಸ್‌ನಲ್ಲಿ ಕೂತು ಕಂಪ್ಯೂಟರ್‌ನಿಂದ ನಡೆಸುತ್ತಿದ್ದವನು ಪ್ರಶಾಂತ್, ನಮ್ಮ ಮೈಸೂರಿನವನೇ. ಫೋನ್ ಮಾಡಿದೆ.

"ಅಂಕಲ್, ಡ್ಯಾಶ್‌ಬೋರ್ಡ್‌ನಲ್ಲಿ ಎಲ್ಲಾ ಗ್ರೀನ್ ಇದೆ. ವೀಕ್‌ಡೇಸ್ ಬಿಲ್ಡಿಂಗ್ ಖಾಲಿ ಅಂತ ಕಮಿಟಿಯವ್ರೇ ಆಫ್ ಮಾಡ್ಸಿದ್ದು. ಎರಡು ವರ್ಷ ಆಯ್ತು."

"ಖಾಲಿಯಂತೆ ಖಾಲಿ! ಒಳಗೆ ಅಷ್ಟೊಂದು ಪೈಪ್ ಇದೆಯಲ್ಲೋ ಮಾರಾಯ! ಈಗ್ಲೇ 70ಕ್ಕೆ ಇಡು. ಭಾನುವಾರದ ತನಕ ಮುಟ್ಟಬೇಡ."

"ಅವ್ರು ಕೇಳಿದ್ರೆ?"

"ನನ್ನ ಹೆಸರು ಹೇಳು."

ಶನಿವಾರ ಆ ತಂಪಿನಲ್ಲೇ ಮತ್ತೆ ಶ್ರುತಿ ಮಾಡಿಸಿದೆವು. ಕೆಡಿಸಿದವರು ತಾವು, ಬೈಸಿಕೊಳ್ಳುವುದು ಆರ್ಗನ್ನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಭಾನುವಾರ ರೂತ್ ನುಡಿಸಿದರು. ಒಂದು ಸ್ವರವೂ ಜಾರಲಿಲ್ಲ. ಕೊನೆಯ ಸ್ತೋತ್ರ ಮುಗಿದಾಗ ಕೂತವರೆಲ್ಲ ಎದ್ದು ನಿಂತರು. ಅಧ್ಯಕ್ಷ ಓಡಿಬಂದು ಕುಲುಕಿದ್ದು ನನ್ನ ಕೈ. "ಕಾರಣ ಕಂಡುಹಿಡಿದಿರಿ! ಸರಿ, ಆರ್ಗನ್ ಇರಲಿ. ರೂತ್ ಕೂಡ ಇರಲಿ."

ರೂತ್ ಮೆಲ್ಲಗೆ ಆರ್ಗನ್ ಮುಚ್ಚಿ ಬೀಗ ಹಾಕಿದರು. "ಸೆಕೆಯಲ್ಲಿ ಶ್ರುತಿ ಮಾಡಿಸಬೇಡಿ ಎಂದು ಎರಡು ವರ್ಷದಿಂದ ಪ್ರತಿ ಸಭೆಯಲ್ಲೂ ಹೇಳಿದೆ. ಇವರು ಹೇಳಿದ ಮೇಲೆ ನಿಮಗೆ ಕೇಳಿಸಿತು" ಎಂದು ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು ಹೊರಟೇಹೋದರು.

ಸಮಿತಿಯವರು ನನ್ನನ್ನೇ ಹೊಗಳಿದರು. ರೂತ್ ಅವರನ್ನು ಒಂದು ಮಾತು ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಈಗ ಯಾವ ಕಟ್ಟಡಕ್ಕೆ ಹೋದರೂ ಥರ್ಮಾಮೀಟರ್ ತೆಗೆಯುವ ಮೊದಲು, ಅಲ್ಲಿ ದಿನವೂ ಕೂತು ಕೆಲಸ ಮಾಡುವವರು ಏನು ಹೇಳುತ್ತಾರೆಂದು ಕೇಳುತ್ತೇನೆ. ವೃತ್ತಿ ಕಲಿಸಿದ್ದು ಇಷ್ಟು. ಅಧ್ಯಕ್ಷ ಇನ್ನೂ ಆ ಆರ್ಗನ್ ನುಡಿಸುವವರನ್ನು ಹುಡುಕುತ್ತಿದ್ದಾನಂತೆ. ಹುಡುಕಲಿ ಬಿಡಿ.