ಮಡಚಿದ ಅಂಗೈ

ಸಿಂದಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಸುಮಿತ್ರಾಬಾಯಿಯವರ ಖಾನಾವಳಿಗೆ ಊಟಕ್ಕೆ ಬರುವವರು ರಾಮವ್ವನ ಮುಖ ಕಂಡದ್ದು ಕಡಿಮೆ, ಅವಳು ರೊಟ್ಟಿ ಬಡಿಯುವ ಸದ್ದು ಕೇಳಿದ್ದೇ ಹೆಚ್ಚು. ಗೋಡೆಯಾಚೆ ಒಂದೇ ಸಮನೆ ಬೀಳುತ್ತಿದ್ದ ಆ ಅಂಗೈಯ ಸದ್ದು ನಿಂತರೆ ಉಣ್ಣುವವರು ತಲೆಯೆತ್ತಿ ನೋಡುತ್ತಿದ್ದರು.

ಅವಳು ಮೋರಟಗಿಯ ಕುರಿಗಾರರ ಮನೆಯ ಮಗಳು. ಹಿಂಡಿನ ಹಿಂದೆ ಹೋಗುವ ಅಪ್ಪ, ಅಣ್ಣಂದಿರಿಗೆ ಬುತ್ತಿ ಕಟ್ಟಲೆಂದು ಸಣ್ಣವಳಿದ್ದಾಗಲೇ ಬಡಿಯಲು ಕಲಿತ ರೊಟ್ಟಿ, ಮದುವೆಯಾಗಿ ಸಿಂದಗಿಗೆ ಬಂದರೂ ಅವಳನ್ನು ಬಿಡಲಿಲ್ಲ. ಗಂಡ ರೇವಣಪ್ಪ ತೀರಿಕೊಂಡಾಗ ಅದೇ ರೊಟ್ಟಿ ಅವಳನ್ನು ಖಾನಾವಳಿಯ ಒಲೆಯ ಮುಂದೆ ತಂದು ಕೂರಿಸಿತು. ಆಗ ಸಾಲೆಗೆ ಹೋಗುತ್ತಿದ್ದ ಮಗ ಸಿದ್ಧರಾಮ ಈಗ ಟಂಟಂ ಆಟೋ ಓಡಿಸುತ್ತಾನೆ. ಅವನ ಹೆಂಡತಿ ಸುನೀತಾ ಹೊಲಿಗೆ ಕಲಿಯಲು ಹೋಗುತ್ತಿದ್ದಳು. ರಾಮವ್ವ ಮಾತ್ರ ಒಲೆ ಬಿಟ್ಟು ಎದ್ದಿರಲಿಲ್ಲ.

ಕೊನೆಗೂ ಅವಳನ್ನು ಎಬ್ಬಿಸಿದ್ದು ಒಂದು ಕುಂಬಳಕಾಯಿ. ಈಳಿಗೆಮಣೆಯ ಮೇಲಿಟ್ಟು ಒತ್ತುವಾಗ ಕಾಯಿ ಜಾರಿತು. ಬಲಗೈ ಹೆಬ್ಬೆರಳ ಬುಡದಿಂದ ಅಂಗೈಗುಂಟ ಮಣಿಕಟ್ಟಿನವರೆಗೂ ಸೀಳಿತು. ವಿಜಯಪುರದಲ್ಲಿ ಆಪರೇಷನ್ ಮಾಡಿ ಕಡಿದ ನರ ಕೂಡಿಸಿದರು. ಹೊಲಿಗೆ ಬಿಚ್ಚಿದ ದಿನ ಡಾಕ್ಟರು, ಗಾಯ ಮಾಯ್ದಿದೆ, ಇನ್ನು ದಿನಾ ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಬೇಕು, ಬೆರಳು ಬಿಚ್ಚಿ ಚಾಚಬೇಕು, ಇಲ್ಲದಿದ್ದರೆ ಕಲೆ ಬಿಗಿದು ಕೈಯನ್ನು ಎಳೆದುಕೊಳ್ಳುತ್ತದೆ ಎಂದು ಬಿಡಿಸಿ ಹೇಳಿದ್ದರು. ರಾಮವ್ವ ಹೂಂ ಎಂದು ಬಂದಿದ್ದಳು.

ಮನೆಗೆ ಬಂದ ಮೇಲೆ ಓಣಿಯೇ ವೈದ್ಯರ ಮನೆಯಾಯಿತು. ನೀರು ಸೋಂಕಿದರೆ ನಂಜಾಗುತ್ತದೆ ಎಂದು ಒಬ್ಬರು, ಬದನೆಕಾಯಿ ಬಾಯಿಗೆ ಹಾಕಬೇಡ ಎಂದು ಇನ್ನೊಬ್ಬರು. ಅರಿಶಿಣ ಕಲಸಿದ ತುಪ್ಪ ಬಂತು. ಎದುರುಮನೆಯ ಜೋಹರಾಬಿ ಚೊಕ್ಕ ಜೇನು ಎಂದು ಸಣ್ಣ ಬಾಟಲಿಯಲ್ಲಿ ತಂದು ಕೊಟ್ಟಳು. ರಾಮವ್ವ ಯಾರಿಗೂ ಬೇಡವೆನ್ನಲಿಲ್ಲ. ಬೇಡವೆನ್ನುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಹಚ್ಚಿಸಿಕೊಂಡು, ಕೈ ಮಡಚಿ, ಸೆರಗಿನಲ್ಲಿ ಸುತ್ತಿ ಕೂರುತ್ತಿದ್ದಳು. ಸಣ್ಣಂದಿನಿಂದ ನೀರು ಹಿಟ್ಟಿನಲ್ಲಿ ಆಡಿದ ಕೈ ಒಣಗಿದ ಸೌದೆಯಂತೆ ಬಿಗಿಯತೊಡಗಿತು.

ಇಂಡಿಯಿಂದ ಬಂದ ತಂಗಿ ತೋಟದ ನಿಂಬೆಹಣ್ಣು ಚೀಲ ತುಂಬ ತಂದಿದ್ದಳು. ಹೋಳು ಮಾಡಿ ಕಲೆಯ ಮೇಲೆ ತಿಕ್ಕಿದವಳೇ, "ತಾಮ್ರದ ಕೊಡಾನ ಲಕಲಕ ಅಂತೈತಿ. ನಿನ್ನ ಕೈ ಏನು ಅದಕ್ಕಿಂತ ಗಟ್ಟಿ ಐತೇನಕ್ಕ?" ಎಂದು ನಕ್ಕಳು. ರಾಮವ್ವ ರಸ ತೊಳೆಯದೆ ಅದೇ ಕೈ ಇಟ್ಟುಕೊಂಡು ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ ಕಾಯುತ್ತ ಬಿಸಿಲಲ್ಲಿ ಕೂತಳು. ಮಣಿಕಟ್ಟಿನ ಚರ್ಮ ಉರಿದು ಬೊಬ್ಬೆಯೆದ್ದಿತು. ಬೊಬ್ಬೆ ಇಳಿದ ಮೇಲೆ ಕಲೆಯ ಸುತ್ತ ಕಾಡಿಗೆ ಬಳಿದಂತೆ ಕಪ್ಪು ಉಳಿಯಿತು. ತಂಗಿ ಊರಿಗೆ ಹೋಗಿದ್ದಳು. ಉಳಿದ ನಿಂಬೆಹಣ್ಣು ಬುಟ್ಟಿಯಲ್ಲೇ ಇದ್ದವು.

ಖಾನಾವಳಿ ನಿಲ್ಲುವಂತಿರಲಿಲ್ಲ. ಸುಮಿತ್ರಾಬಾಯಿ ಮನೆಗೇ ಬಂದು ಹೊಸ್ತಿಲಲ್ಲಿ ನಿಂತು, "ಕೈ ಬಿಚ್ಚಿದ ದಿನ ಬಾ ರಾಮವ್ವ. ಅಲ್ಲೀತನ ಸುನೀತಾನ ಕಳಸು," ಎಂದಿದ್ದರು. ಸುನೀತಾ ಹೊಲಿಗೆ ಕ್ಲಾಸು ಬಿಟ್ಟು ಒಲೆಯ ಮುಂದೆ ಕೂತಳು. ಅರ್ಧ ಹೊಲಿದ ರವಿಕೆಯೊಂದು ಗೂಟಕ್ಕೆ ನೇತುಬಿದ್ದಿತ್ತು. ಅದೇ ಓಣಿಯ ಖಾನಾವಳಿಯಿಂದ ಮನೆಯವರೆಗೂ ಅವಳ ರೊಟ್ಟಿಯ ಸದ್ದು ಕೇಳುತ್ತಿತ್ತು. ಮೊದಮೊದಲು ಎಡವುತ್ತಿದ್ದ ಸದ್ದು ಬರಬರುತ್ತ ಸಮನಾಯಿತು. ತನ್ನ ಕೈ ಬಿಚ್ಚದಿದ್ದರೆ ಆ ಹುಡುಗಿಯ ಕೈಯೂ ಅಲ್ಲೇ ಸವೆಯುತ್ತದೆ ಎಂದು ರಾಮವ್ವನಿಗೆ ಗೊತ್ತಿತ್ತು.

ಗೊತ್ತಿದ್ದೂ ಅವಳು ಕೈ ಬಿಚ್ಚಲಿಲ್ಲ. ನೋವು ಎನ್ನುತ್ತಿದ್ದಳು. ನೋವು ಇದ್ದದ್ದು ನಿಜ. ಆದರೆ ಮಡಚಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಧ್ಯಾಹ್ನ ಚಾಪೆಯ ಮೇಲೆ ಅಡ್ಡಾದಾಗ, ತೊಲೆಯ ಸಂದಿಯಿಂದ ಇಳಿದ ಬಿಸಿಲು ಗೋಡೆಯ ಮೇಲೆ ಮೆಲ್ಲಗೆ ಸರಿಯುವುದನ್ನು ಅವಳು ಮೊದಲ ಸಲ ನೋಡಿದ್ದಳು. ಇಷ್ಟು ವರ್ಷ ಹಗಲಿನ ಪಂಕ್ತಿ ಮುಗಿದರೆ ಸಂಜೆಯ ರೊಟ್ಟಿಯ ತಯಾರಿ, ಅವಳ ಪಾಲಿಗೆ ಮಧ್ಯಾಹ್ನವೆಂಬುದೇ ಇರಲಿಲ್ಲ. ಕೈ ನೆಟ್ಟಗಾದರೆ ಇದೂ ಹೋಗುತ್ತದೆ. ಈ ಮಾತನ್ನು ಅವಳು ಯಾರಿಗೂ ಹೇಳಲಾರಳು, ತನಗೆ ತಾನು ಹೇಳಿಕೊಳ್ಳಲೂ ಅಂಜುತ್ತಿದ್ದಳು.

ಒಂದು ದಿನ ಮಧ್ಯಾಹ್ನದ ಪಂಕ್ತಿ ಮುಗಿಸಿ ಬಂದ ಸುನೀತಾ ನೇರ ಅಡಿಗೆಮನೆಗೆ ಹೋದಳು. ಚಾಕುವಿನ ಸದ್ದು ಕೇಳಿ ರಾಮವ್ವ ಎದ್ದು ನೋಡಿದರೆ, ಸೊಸೆಯ ಮುಂಗೈ ತುಂಬ ಹಂಚಿನ ಅಂಚು ತಾಗಿದ ಸುಟ್ಟ ಗೆರೆಗಳು. ಕೆಲವು ಹಳೆಯವು, ಕಂದು ಬಣ್ಣಕ್ಕೆ ತಿರುಗಿದ್ದವು. ಒಂದು ಆಗಷ್ಟೇ ಆದದ್ದು, ಕೆಂಪಗಿತ್ತು. ಅವಳ ಇನ್ನೊಂದು ಕೈಯಲ್ಲಿ ನಿಂಬೆಯ ಹೋಳಿತ್ತು.

"ಅದನ್ನ ಕೆಳಗಿಡು," ಎಂದಳು ರಾಮವ್ವ.

"ಕಲಿ ಉಳದ್ರ ಅಸಹ್ಯ ಕಾಣಸ್ತೈತ್ರಿ ಅತ್ತಿ."

"ನನ್ನ ಕೈ ನೋಡೀಯಿಲ್ಲ? ಅದರ ಹಂಗ ಮಾಡ್ಕೋತಿಯೇನು?"

ಹೋಳು ಇಸಿದುಕೊಂಡು ಅಂಗಳಕ್ಕೆ ಎಸೆದಳು. ಸೊಸೆಯನ್ನು ಬಚ್ಚಲಿಗೆ ಕರೆದೊಯ್ದು ಸುಟ್ಟ ಜಾಗದ ಮೇಲೆ ತಣ್ಣೀರು ಸುರಿದಳು, ಉರಿ ಇಳಿಯಿತು ಎನ್ನುವವರೆಗೂ ಸುರಿದಳು. ಆಮೇಲೆ ಹಳೆಯ ಕಲೆಗಳಿಗೆಂದು ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಕೂತಳು. ಎಡಗೈ ಸೊಸೆಯ ಕೈಯನ್ನು ಹಿಡಿದಿತ್ತು. ಎಣ್ಣೆ ಸವರಲು ಉಳಿದದ್ದು ಬಲಗೈ ಒಂದೇ. ಮಡಚಿದ ಬೆರಳು ಎಣ್ಣೆಯಲ್ಲಿ ಅದ್ದಿ, ಕೆಂಪಗಿದ್ದ ಜಾಗ ಬಿಟ್ಟು, ಸೊಸೆಯ ಮುಂಗೈ ಮೇಲೆ ಇಟ್ಟು ಮೆಲ್ಲಗೆ ಜಾರಿಸಿದಳು. ಕಲೆ ಹಗ್ಗದಂತೆ ಜಗ್ಗಿತು. ಅವಳು ಹಲ್ಲು ಕಚ್ಚಿ ಮತ್ತೆ ಜಾರಿಸಿದಳು. ಅಂಗೈ ಒಂದಿಷ್ಟು, ಒಂದೇ ಒಂದಿಷ್ಟು ಅಗಲವಾಯಿತು.

"ಅತ್ತಿ, ನಿಮ್ಮ ಕೈ ನೋಯಾಕತ್ತೈತಿ. ಬಿಡ್ರಿ."

"ನೋಯ್ಲಿ ಬಿಡು."

ಸುನೀತಾ ಗೂಟದ ಮೇಲಿನ ರವಿಕೆಯ ಕಡೆಗೆ ನೋಡುತ್ತ, "ನನಗ ಆ ಒಲಿ ಬ್ಯಾಡ ಅನಸ್ತೈತ್ರಿ. ನಿಮ್ಮ ಮುಂದ ಹೇಳಾಕ ನಾಚಿಕಿ ಆಗಿತ್ತು. ನೀವು ಇಷ್ಟು ವರ್ಷ ಮಾಡೀರಿ," ಎಂದಳು.

"ನನಗೂ ಬ್ಯಾಡ ಅನಸ್ತಿತ್ತವ್ವ," ಎಂದಳು ರಾಮವ್ವ. "ಕೇಳಿದವ್ರು ಯಾರು?"

ಹೇಳಿಬಿಟ್ಟ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಣ್ಣೆ ಸವರುವುದು ಮಾತ್ರ ನಿಲ್ಲಲಿಲ್ಲ.

ಅಂದಿನಿಂದ ದಿನಾ ರಾತ್ರಿ ಸುನೀತಾ ಅತ್ತೆಯ ಅಂಗೈಯನ್ನು ಮಡಿಲಲ್ಲಿಟ್ಟುಕೊಂಡು, ಬೆಚ್ಚಗಿನ ಎಣ್ಣೆ ಹಚ್ಚಿ ಒಂದೊಂದೇ ಬೆರಳು ಬಿಚ್ಚತೊಡಗಿದಳು. ಕಪ್ಪು ಮಾಸಲಿಲ್ಲ. ಕಿರುಬೆರಳು ಪೂರಾ ನೆಟ್ಟಗಾಗಲಿಲ್ಲ. ಶ್ರಾವಣ ಬರುವ ಹೊತ್ತಿಗೆ ಕೈ ರೊಟ್ಟಿಯಗಲ ಆಗದಿದ್ದರೂ ಚಪ್ಪಟೆಯಾಯಿತು. ರಾಮವ್ವ ಖಾನಾವಳಿಗೆ ಹೋಗಿ ಸುಮಿತ್ರಾಬಾಯಿಯವರ ಮುಂದೆ ನಿಂತಳು. ತನ್ನ ಜನ್ಮದಲ್ಲಿ ಅವಳು ಏನನ್ನೂ ಗಟ್ಟಿಯಾಗಿ ಕೇಳಿದವಳಲ್ಲ.

"ಮಧ್ಯಾಹ್ನದ ರೊಟ್ಟಿಗೆ ಅಷ್ಟ ಬರ್ತೇನ್ರಿ ಬಾಯಾರ. ಸಂಜಿಗಿ ನಾನೂ ಬರಂಗಿಲ್ಲ, ನನ್ನ ಸೊಸಿನೂ ಬರಂಗಿಲ್ಲ."

ಸುಮಿತ್ರಾಬಾಯಿ ಆ ಕೈಯನ್ನು ನೋಡಿದರು, ಮುಖ ನೋಡಿದರು. ಸಂಜೆಗೆ ಬೇರೆಯವರನ್ನು ಹುಡುಕುವುದೆಂದರೆ ಈಗಿನ ಕಾಲದಲ್ಲಿ ಸುಮ್ಮನೇನು ಎಂದು ಒಂದಷ್ಟು ಗೊಣಗಿ, ಹಿಟ್ಟಿನ ಡಬ್ಬಿಯನ್ನು ಅವಳ ಕಡೆ ಸರಿಸಿದರು.

ರಾಮವ್ವ ಪರಾತಿನಲ್ಲಿ ಜೋಳದ ಹಿಟ್ಟು ಹಾಕಿ ನಡುವೆ ಕುದಿವ ನೀರು ಸುರಿದಳು. ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಇಟ್ಟು ನಾದತೊಡಗಿದಳು. ಮೊದಲು ಕಣ್ಣಲ್ಲಿ ನೀರು ಬಂತು. ಆಮೇಲೆ ಬಿಸಿ ಒಳಗಿಳಿದು ಬಿಗಿದದ್ದು ಸಡಿಲವಾಯಿತು. ಎಷ್ಟು ಜನ ಎಷ್ಟೊಂದು ಹಚ್ಚಿದ್ದರು, ಈ ಬೆಚ್ಚನೆಯ ಹಿಟ್ಟಿನಿಂದ ಮಾತ್ರ ಕೈಯನ್ನು ದೂರ ಇಡಿಸಿದ್ದರು ಎಂದು ಅವಳಿಗೆ ಅನಿಸಿತು. ಸಿಟ್ಟು ಬರಲಿಲ್ಲ, ದಣಿವಾಯಿತು ಅಷ್ಟೇ.

ಈಗ ಗೋಡೆಯಾಚೆಯ ಸದ್ದು ಮೊದಲಿನಂತಿಲ್ಲ. ಒಂದು ಏಟು ಗಟ್ಟಿ, ಒಂದು ಮೆತ್ತಗೆ. ಉಣ್ಣುವವರಿಗೆ ಅದೂ ರೂಢಿಯಾಗಿದೆ. ಪಂಕ್ತಿ ಮುಗಿದ ಮೇಲೆ ರಾಮವ್ವ ಕೈ ತೊಳೆದು ಮನೆಗೆ ಬರುತ್ತಾಳೆ. ಸುನೀತಾ ಹೊಲಿಗೆಗೆ ಹೋಗಿರುತ್ತಾಳೆ, ಗೂಟ ಖಾಲಿಯಿರುತ್ತದೆ. ಕಲೆಗೆ ಒಂದಿಷ್ಟು ಎಣ್ಣೆ ಸವರಿ ಚಾಪೆಯ ಮೇಲೆ ಅಡ್ಡಾಗುತ್ತಾಳೆ. ಗೋಡೆಯ ಮೇಲೆ ಬಿಸಿಲು ಸರಿಯುತ್ತಿರುತ್ತದೆ. ನಿದ್ದೆ ಬಂದಾಗ ಅವಳ ಬಲಗೈ ಎದೆಯಿಂದ ಜಾರಿ, ಚಾಪೆಯಾಚೆಗೆ ಅಂಗೈ ಮೇಲಾಗಿ ಬಿಚ್ಚಿಕೊಂಡು ಬಿದ್ದಿರುತ್ತದೆ.