ಉಪ್ಪಿನ ಸಾಹುಕಾರರು

ದಟ್ಟಗಳ್ಳಿಯ ನಮ್ಮ ಬೀದಿಗೆ ಷಡಕ್ಷರಿಯವರು ಉಪ್ಪಿನ ವ್ಯಾಪಾರಿ. ಅದು ಪೂರಾ ಸುಳ್ಳೂ ಅಲ್ಲ, ಅವರು ಹೊರದೇಶದಿಂದ ತರಿಸುವ ದನದ ಹಸಿ ತೊಗಲು ಉಪ್ಪು ಹಾಕಿಸಿಕೊಂಡೇ ಹಡಗು ಹತ್ತುತ್ತದೆ. ತೊಗಲು ಎಂಬ ಮಾತು ಮಾತ್ರ ಅವರ ಬಾಯಿಂದ ಬಂದದ್ದಿಲ್ಲ, ಫೋನಿನಲ್ಲಿ ಅದು ಬರೀ "ಮಾಲು". ಫ್ಯಾಕ್ಸ್ ಕಳಿಸಲು ಗುರುತಿನವರಿಲ್ಲದ ಬೋಗಾದಿಯ ಅಂಗಡಿಗೇ ಹೋಗಿ, ಕಾಗದ ವಾಪಸ್ ಕೈಗೆ ಬರುವ ತನಕ ಯಂತ್ರಕ್ಕೆ ಅಡ್ಡ ನಿಲ್ಲುತ್ತಾರೆ. ಗೋದಾಮಿನಿಂದ ಬಂದರೆ ಮೂರು ಸಲ ಸ್ನಾನ, ಮೈತುಂಬ ವಿಭೂತಿ, ಆಮೇಲೆ ಹೆಂಡತಿಯ ಮುಂದೆ ಕೈ ಚಾಚಿ ದಿನಾ ಅದೇ ಪ್ರಶ್ನೆ: "ಮೂಸ್ನೋಡೇ ಪುಟ್ಟಬಸಮ್ಮ, ಇನ್ನೂ ನಾರ್ತಾ ಇದ್ಯಾ?" "ಸೋಪಿನ ಗಮಲು ಕಣ್ರೀ, ಸುಮ್ನಿರಿ ಬುಡಿ!" ಎದುರಿಗೆ ಯಾರಾದರೂ ಮೂಗು ಒರೆಸಿಕೊಂಡರೂ ಷಡಕ್ಷರಿಯವರ ಮುಖ ಬಿಳಿಚಿಕೊಳ್ಳುತ್ತದೆ. ಗೊತ್ತಾದರೆ ಮಗಳು ಅಕ್ಷತಾಗೆ ಕೂಡಿಬಂದಿರುವ ಸಂಬಂಧ ಮುರಿಯುತ್ತದೆ, ಮನೆಗೆ ಕಲ್ಲೂ ಬೀಳಬಹುದು; ಅವರ ಲೆಕ್ಕ ಬರೆಯುವ, ನಮ್ಮ ಬೀದಿಯನ್ನೂ ಬಲ್ಲ ನಾನು ಇದನ್ನು ಹುಚ್ಚು ಭಯ ಅನ್ನಲಾರೆ. ಮೊನ್ನೆ ಬೀಗರಾಗುವವರು ಬಂದರು, ಮಠಕ್ಕೆ ನಡೆದುಕೊಳ್ಳುವ ಆಚಾರವಂತರು. ಪಳಪಳ ಹೊಳೆಯುವ ಚರ್ಮದ ಬೂಟುಗಳನ್ನು ಬಾಗಿಲಲ್ಲಿ ಬಿಟ್ಟು, "ಏನ್ ಉಪ್ಪಿನ ಸಾಹುಕಾರ್ರೇ!" ಎಂದು ನಗುತ್ತ ಒಳಗೆ ಹೋದರು. ಷಡಕ್ಷರಿಯವರು ಹಿಂದೆ ಉಳಿದು, ಬಗ್ಗಿ, ಒಂದು ಬೂಟು ಎತ್ತಿ ಮೂಸಿದರು. "ಇದು ನಾರೋದೇ ಇಲ್ಲ ಕಣೇ," ಎಂದು ಹೆಂಡತಿಗೆ ಪಿಸುಗುಟ್ಟಿ, ಮತ್ತೆ ತಮ್ಮ ಕೈ ಮೂಸಿಕೊಂಡರು.